ಕಪ್ಪು ಹೊಡೆದವನಿಗೆ, ಬಸಿ ಪೆಟ್ಟು ತಿಂದವನಿಗೆ

ಅಪ್ಪಾ,

ನಿನ್ನ ಆ ಇಂಗ್ಲಿಷ್ ಪದದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಮೈಲೂರಿನ ನಮ್ಮ ಮನೆಯಲ್ಲಿ ಬೇಳೆಗೆ ಉಪ್ಪು ಕಡಿಮೆ ಬಿದ್ದರೆ ನೀನು "ಇವತ್ತೊಂದಿನ ಕಾಂಪ್ರಮೈಸ್" ಅನ್ನುತ್ತಿದ್ದೆ. ಭಾಲ್ಕಿಗೆ ಹೋಗುವ ನಿನ್ನ ಟಂಟಂ ಆಟೋದಲ್ಲಿ ಮೂವರ ಸೀಟಿಗೆ ನಾಲ್ಕನೆಯವರನ್ನು ತುರುಕುವಾಗ "ಜರಾ ಕಾಂಪ್ರಮೈಸ್ ಮಾಡ್ರಿ ಬಾಯಿ". ನನಗೆ ದೊಡ್ಡದಾಗುವ ಚಪ್ಪಲಿ ತಂದಾಗಲೂ ಅದೇ ಮಾತು. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು ನಾನು. ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವುದು ಎಂದು ಹಲಗೆಯ ಮೇಲೆ ಅರ್ಥ ಬರೆಯುತ್ತೇನೆ. ನಿನಗೆ ಮಾತ್ರ ಉಪ್ಪಿಗೂ ಚಪ್ಪಲಿಗೂ ನೆತ್ತರಿಗೂ ಅದೊಂದೇ ಪದ ಸಾಕಾಗುತ್ತಿತ್ತಲ್ಲ?

ಭಾಲ್ಕಿ ಟಂಟಂ ಸ್ಟ್ಯಾಂಡಿನಲ್ಲಿ ಯಾರೇ ಹೊಡೆದಾಡಿಕೊಂಡರೂ ನಿನ್ನನ್ನೇ ಕರೆಯುತ್ತಿದ್ದರು. ನೀನು ಒಂದು ಚಹಾ ತರಿಸಿ, ಹೊಡೆದವನ ಕೈಗೆ ಕಪ್ಪು, ಪೆಟ್ಟು ತಿಂದವನ ಕೈಗೆ ಅದರ ಕೆಳಗಿನ ತಟ್ಟೆ, ಬಸಿ, ಕೊಟ್ಟು ಅರ್ಧರ್ಧ ಕುಡಿಸುತ್ತಿದ್ದೆ. ಕುಡಿದರೆ ಕಾಂಪ್ರಮೈಸ್ ಆಯಿತು, ಪೊಲೀಸು ಕೋರ್ಟು ಯಾತಕ್ಕೆ ಅನ್ನುವುದು ನಿನ್ನ ಕಾನೂನು. "ಹೊಡಿಸ್ಕೊಂಡವ್ರಿಗೇ ಬಸಿ ಯಾಕ?" ಎಂದು ಒಮ್ಮೆ ನಾನು ಜಗಳ ತೆಗೆದಿದ್ದೆ. "ಬಸ್ಯಾಗ ಚಾ ಲಗು ಆರ್ತದವ್ವ. ಒಡೆದ ತುಟಿ ಸುಡಬಾರ್ದು," ಅಂದೆ ನೀನು.

ದತ್ತು ನೆನಪಿದ್ದಾನಲ್ಲ, ನಿನ್ನ ಜೊತೆಗೇ ಟಂಟಂ ಓಡಿಸುತ್ತಿದ್ದವನು? ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವ ತನ್ನ ಹೆಂಡತಿ ಸುನೀತಾಳ ಹಲ್ಲನ್ನು ಅವನು ಮುರಿದಾಗ ನೀನು ಅವಳಿಗೂ ಬಸಿ ಹಿಡಿಸಿದೆ. ಅವಳು ಕುಡಿದಳು. ಬಸಿಯ ಅಂಚಿಗೆ ರಕ್ತ ಹತ್ತಿತ್ತು. ದತ್ತು ಕಪ್ಪು ಖಾಲಿ ಮಾಡಿ, ಮೀಸೆ ಒರೆಸಿಕೊಂಡು ಎದ್ದು ಹೋದ. ಹೊಡೆದರೆ ಚಹಾ ಸಿಗುತ್ತದೆ ಎಂದು ಅವನಿಗೆ ಕಲಿಸಿದವರು ಯಾರು ಅಪ್ಪಾ?

ಆ ಮುಂಜಾನೆ ನಾನು ನಿನ್ನ ಟಂಟಂನಲ್ಲೇ ಕೂತಿದ್ದೆ, ಶಾಲೆಗೆ ಹೊರಟಿದ್ದೆ. ಪಾಳಿ ತಪ್ಪಿತೆಂದು ದತ್ತು ಔರಾದಿನ ಒಬ್ಬ ಮುದುಕ ಡ್ರೈವರನ ಕುತ್ತಿಗೆ ಹಿಡಿದಿದ್ದ. ನೀನು ಇಳಿದು ನಡುವೆ ಹೋದೆ. "ಏ ದತ್ತು, ಬಿಡೋ. ಚಾ ಕುಡಿಯೂಣ ಬಾ," ಅಂದೆ. ಅವನು ಜಾಕಿನ ರಾಡು ಎತ್ತಿದ. ಮೊದಲ ಏಟಿಗೇ ನೀನು ಬಿದ್ದೆ. ಬಿದ್ದವನ ತಲೆಗೆ ಮತ್ತೆ ಹೊಡೆದ, ಮತ್ತೆ ಹೊಡೆದ. ಆ ಸದ್ದು... ಬೇಡ. ನನ್ನ ಕೈಯಲ್ಲಿ ಕಲ್ಲಿತ್ತು, ಯಾವಾಗ ಎತ್ತಿಕೊಂಡೆನೋ ಗೊತ್ತಿಲ್ಲ. ಜನ ಹಿಡಿಯದಿದ್ದರೆ ಅವನನ್ನು ಅಲ್ಲೇ ಕೊಂದುಬಿಡುತ್ತಿದ್ದೆ. ದವಾಖಾನೆಯ ದಾರಿಯಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ನೀನು, "ದತ್ತುನ ಕೂಡ ಕಾಂಪ್ರಮೈಸ್..." ಅಂದೆ. ಮಾಡು ಅನ್ನುವವನಿದ್ದೆಯೋ, ಬೇಡ ಅನ್ನುವವನಿದ್ದೆಯೋ?

ಮಾಡು ಅಂತಲೇ ಅಂದಿರುತ್ತೀ ಎಂದು ಎಲ್ಲರೂ ತೀರ್ಮಾನಿಸಿದರು. ಸ್ಟ್ಯಾಂಡಿನ ಹಿರಿಯರು ಮನೆಗೆ ಬಂದು ಚಹಾ ತುಂಬಿದ ಬಸಿಯನ್ನು ಅವ್ವನ ಮುಂದಿಟ್ಟರು. "ನೋಡ್ರಿ ಬಾಯಿ, ಅವ್ರು ಇದ್ದಿದ್ರ ಇದೇ ಮಾಡ್ತಿದ್ರು. ಸಾಕ್ಷಿ ಹೇಳಬ್ಯಾಡಂತ ಮಗಳಿಗಿ ಹೇಳ್ರಿ." ಅವ್ವನ ಕೈ ಮುಂದೆ ಹೋಯಿತು. ನಾನು ಬಸಿ ಕಸಿದು ಗೋಡೆಗೆ ಬಡಿದೆ. ಚಹಾ ಒಬ್ಬರ ಧೋತರದ ಮೇಲೆ ಚೆಲ್ಲಿತು. ಗಂಡನ ಕೊನೆಯ ಮಾತು ಮುರಿದೆನೆಂದು ಅವ್ವ ಎಷ್ಟೋ ದಿನ ನನ್ನ ಮುಖ ನೋಡಲಿಲ್ಲ.

ಈಗ ನೀನು ಕೇಳದ ಸುದ್ದಿ. ನಿನ್ನೆ ಬೀದರಿನ ಕೋರ್ಟಿನಲ್ಲಿ ನಿಂತು, ಕಂಡದ್ದೆಲ್ಲ ಹೇಳಿದೆ. ದತ್ತುವಿನ ವಕೀಲರು ಕೇಳಿದರು, "ನಿಮ್ಮ ತಂದಿ ಜೀವನಾ ಪೂರಾ ಕಾಂಪ್ರಮೈಸ್ ಮಾಡಿಸಿದವ್ರು. ನಿಮಗ್ಯಾಕ್ರಿ ಇಷ್ಟು ಹಟ?" ದತ್ತುವಿನ ಮುಖ ನೋಡುತ್ತಲೇ ಹೇಳಿದೆ: "ಆಯ್ತ್ರಿ, ಮಾಡ್ತೇನಿ. ಕಪ್ಪು ಅಂವಾ ಕುಡೀಲಿ. ಬಸಿ ನಮ್ಮಪ್ಪಂದ್ರಿ. ಅವ್ನಿಗಿ ಕರೀರಿ."

ಕಟಕಟೆಯಿಂದ ಇಳಿದು ಬಂದಾಗ ಅವ್ವ ಪಕ್ಕದಲ್ಲಿ ಜಾಗ ಮಾಡಿ ನನ್ನ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಮುಂದಿನ ಸಾಕ್ಷಿಯ ಹೆಸರು ಕೂಗಿದರು. ಸುನೀತಾ ಎದ್ದಳು ಅಪ್ಪಾ. ಮುರಿದ ಹಲ್ಲಿಗೆ ಸೆರಗು ಅಡ್ಡ ಹಿಡಿಯದೆ, ದತ್ತುವಿನ ಎದುರಿನಿಂದಲೇ ನಡೆದು ಹೋಗಿ ನಿಂತಳು.

ನಿನ್ನ ಮಗಳು
ಪ್ರಜ್ಞಾ