ನಲವತ್ತನೇ ಮಗು

ಯಾನ್ಬು, ಸೌದಿ ಅರೇಬಿಯಾ,
ಶುಕ್ರವಾರ, 4 ಅಕ್ಟೋಬರ್ 1985

ಪ್ರೀತಿಯ ಉರ್ಸುಲಾ,

ನಿನ್ನ ಕ್ಷೇಮ ಕೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ, ಕೇಳಿಯೇಬಿಡುತ್ತೇನೆ. ಚೆನ್ನಾಗಿದ್ದೀಯಾ? ಮಗಳು ಸೆವ್ರಿನ್ ಎಷ್ಟು ಎತ್ತರವಾಗಿದ್ದಾಳೆ? ಮೂರು ವರ್ಷಗಳಲ್ಲಿ ನಾನು ಬರೆದ ಯಾವ ಪತ್ರಕ್ಕೂ ನಿನ್ನಿಂದ ಉತ್ತರ ಬರಲಿಲ್ಲ. ಬೈದಾದರೂ ಬರೆಯಬಾರದಿತ್ತಾ ಎಂದು ಎಷ್ಟೋ ಸಲ ಅನ್ನಿಸಿದೆ. ನಾವು ಮನೆಯಲ್ಲಿ ಕೊಂಕಣಿ ಆಡಿದರೂ ಪತ್ರ ಮಾತ್ರ ಮೊದಲಿನಿಂದಲೂ ಕನ್ನಡದಲ್ಲೇ ಬರೆದವರು. ಮದುವೆಗೆ ಮೊದಲು ನಾನು ಬರೆದ ಪತ್ರದ ತಪ್ಪುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿ ನನಗೇ ವಾಪಸು ಕಳಿಸಿದ ಟೀಚರಮ್ಮ ನೀನು. ಇದನ್ನೂ ತಿದ್ದು, ಬೇಸರವಿಲ್ಲ. ಆದರೆ ಕೊನೆಯವರೆಗೆ ಓದು. ಒಂದು ಕೆಲಸದ ವಿಷಯವಿದೆ, ಅದಕ್ಕೆ ಗಡುವೂ ಇದೆ.

ಜನವರಿಯಿಂದ ನಾನು ಕಂಪೆನಿಯ ಸ್ಟೋರಿನಲ್ಲಿಲ್ಲ. ಕಂಪೆನಿಯವರು ನನ್ನನ್ನು ಕ್ಯಾಂಪಿನ ಒಳಗಿರುವ ಫ್ರೆಂಚ್ ಶಾಲೆಯ ಗುಮಾಸ್ತನನ್ನಾಗಿ ಮಾಡಿದ್ದಾರೆ. ಶಾಲೆ ಎಂದರೆ ದೊಡ್ಡದೇನೂ ಅಲ್ಲ, ತಗಡಿನ ಎರಡು ಕೋಣೆ ಮತ್ತು ಸದಾ ಗೊಣಗುವ ಎರಡು ಏಸಿ ಯಂತ್ರ. ಇಂಗ್ಲಿಷ್ ಮಾತಾಡುವವರ ಮಕ್ಕಳಿಗೆ ಇಲ್ಲಿ ದೊಡ್ಡ ಶಾಲೆ ಇದೆ. ಫ್ರೆಂಚರು ಕೆಲವೇ ಮನೆಯವರು. ಅವರ ಮಕ್ಕಳು ಸ್ವಂತ ಭಾಷೆ ಮರೆಯಬಾರದೆಂದು ಅವರ ಸರ್ಕಾರ ಅಷ್ಟು ದೂರದಿಂದ ಗ್ರಾಂಟ್ ಕಳಿಸುತ್ತದೆ. ಹೆಡ್‌ಮಿಸ್ಟ್ರೆಸ್ ಮದಾಮ್ ದೆಲೋರ್ಮ್ ಒಳ್ಳೆಯವರು, ಆದರೆ ಅರ್ಜಿ ಎಂದರೆ ಅವರಿಗೆ ತಲೆನೋವು. ಹಾಗಾಗಿ ಅವರು ಬರೆದದ್ದನ್ನೆಲ್ಲ ಟೈಪ್ ಮಾಡುವುದು ನಾನು. ಆ ಫ್ರೆಂಚ್ ಮೆಷಿನ್ನಿನ ಅಕ್ಷರಗಳು ನಾನು ಉಡುಪಿಯಲ್ಲಿ ಕಲಿತ ಜಾಗದಲ್ಲಿಲ್ಲ. ನನ್ನ ಬೆರಳಿಗೆ ಅದು ಒಗ್ಗುವಾಗ ಮೂರು ತಿಂಗಳಾಯಿತು. ಏನು ಟೈಪ್ ಮಾಡುತ್ತಿದ್ದೇನೆಂದು ಈಗಲೂ ಅರ್ಧ ಗೊತ್ತಾಗುವುದಿಲ್ಲ.

ಈ ಬೇಸಿಗೆಯಲ್ಲಿ ಟೈಪ್ ಮಾಡಿದ್ದು ಮಾತ್ರ ಪೂರ್ತಿ ಗೊತ್ತಾಯಿತು. ಮೂರನೇ ಕೋಣೆ ಕಟ್ಟಿಸಲು, ಇನ್ನೊಬ್ಬ ಟೀಚರನ್ನು ಕರೆಸಲು ಸರ್ಕಾರ ಹಣ ಕೊಡಬೇಕೆಂಬ ಅರ್ಜಿ ಅದು. ಈಗ ಆರು ವರ್ಷದವರೂ ಎಂಟು ವರ್ಷದವರೂ ಒಂದೇ ಹಲಗೆಯ ಮುಂದೆ ಕೂರುತ್ತಾರೆ. ಹಣ ಬರಬೇಕಾದರೆ ಹಾಜರಿ ಪುಸ್ತಕದಲ್ಲಿ ನಲವತ್ತು ಹೆಸರಿರಬೇಕು. ನಮ್ಮಲ್ಲಿದ್ದದ್ದು ಮೂವತ್ತೊಂಬತ್ತು.

ನನ್ನ ಮೇಜಿನ ಗಾಜಿನ ಕೆಳಗೆ ಸೆವ್ರಿನ್‌ಳ ಫೋಟೋ ಇದೆ, ಕಳೆದ ಕ್ರಿಸ್ಮಸ್ ಕಾರ್ಡಿನ ಒಳಗೆ ಅವಳೇ ಇಟ್ಟು ಕಳಿಸಿದ್ದು. ಒಂದು ದಿನ ಮದಾಮ್ ಅದನ್ನು ನೋಡಿ ಇವಳ ಹೆಸರೇನೆಂದು ಕೇಳಿದರು. ಹೇಳಿದೆ. ಅವರಿಗೆ ಆಶ್ಚರ್ಯ, ಅವರ ತಂಗಿಗೂ ಅದೇ ಹೆಸರಂತೆ. ನೌಕರರ ಮಕ್ಕಳನ್ನೂ ಸೇರಿಸಬಹುದು, ವೀಸಾದ ಕೆಲಸ ನನ್ನ ಗಂಡ ನೋಡಿಕೊಳ್ಳುತ್ತಾರೆ, ಯಾವಾಗ ಬರುತ್ತಾಳೆ ಎಂದರು. ಅವರ ಗಂಡ ಇಲ್ಲಿನ ಮ್ಯಾನೇಜರ್. ನಾನು ಸೆಪ್ಟೆಂಬರಿನಲ್ಲಿ ಎಂದುಬಿಟ್ಟೆ. ನಿನ್ನನ್ನು ಕೇಳಲಿಲ್ಲ, ಕೇಳುವ ಧೈರ್ಯ ಇರಲಿಲ್ಲ. ಮರುದಿನ ನನ್ನ ಕೈಯಿಂದಲೇ ನಲವತ್ತನೇ ಹೆಸರು ಬರೆದೆ.

ಸಿಟ್ಟು ಮಾಡಬೇಡ. ಇನ್‌ಸ್ಪೆಕ್ಟರ್ ಬರುವ ದಿನ ನಿನ್ನ ಎರಡನೇ ಕ್ಲಾಸಿಗೆ ನಾಲ್ಕು ಮಕ್ಕಳು ಕಡಿಮೆಯಾಗಿ, ಆಚೆಮನೆ ಗೆರ್ಟ್ರೂಡ್ ಬಾಯಿಯವರ ಮೂರು ಮಕ್ಕಳನ್ನೂ ಅಂಗಡಿಯವನ ಮಗನನ್ನೂ ಹಿಡಿದು ತಂದು ಕೂರಿಸಿದವಳು ನೀನು. ಅವರಲ್ಲಿ ಕಿರಿಯವನು ಅಲ್ಲೇ ಚಡ್ಡಿ ಒದ್ದೆ ಮಾಡಿದ್ದನ್ನು ಹೇಳಿ ನಾವಿಬ್ಬರೂ ಎಷ್ಟು ನಗುತ್ತಿದ್ದೆವು. ಆದರೆ ನೀನು ತಂದ ಮಕ್ಕಳು ಅಲ್ಲಿ ಕೂತಾದರೂ ಇದ್ದರು. ನನ್ನದು ಬರೀ ಹೆಸರು.

ಶಾಲೆ ಶುರುವಾದಂದಿನಿಂದ ದಿನಾ ಬೆಳಿಗ್ಗೆ ಹಾಜರಿ ಪುಸ್ತಕ ತುಂಬುವುದು ನನ್ನ ಕೆಲಸ. ಗೋಡೆಯ ಮೇಲೆ ಚೀಲ ತೂಗುಹಾಕುವ ನಲವತ್ತು ಮೊಳೆಗಳಿವೆ, ಕೊನೆಯದರ ಕೆಳಗೆ ಅವಳ ಹೆಸರಿನ ಚೀಟಿ. ಮೂವತ್ತೊಂಬತ್ತು ಮಕ್ಕಳಿಗೆ ಹಾಜರಿ ಹಾಕಿ ನನ್ನ ಮಗಳ ಎದುರು ಗೈರು ಎಂದು ಬರೆಯಬೇಕು. ಬೇರೆ ಯಾರಾದರೂ ಬರೆಯುವಂತಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಸೆಪ್ಟೆಂಬರ್ ಎಂಟು ನಮ್ಮ ಮೊಂತಿ ಫೆಸ್ತ್. ಊರಲ್ಲಿ ಮಕ್ಕಳೆಲ್ಲ ಹೂವಿನ ಬುಟ್ಟಿ ಹಿಡಿದು ಇಗರ್ಜಿಗೆ ಹೋಗುವ ದಿನ ಗೈರು ಎಂದು ಬರೆಯಲು ಕೈ ಬರಲಿಲ್ಲ. ಹಾಜರಿ ಹಾಕಿದೆ. ಮದಾಮ್ ನೋಡಿ, ಬಂದಳೇ ಎಂದು ಖುಷಿಯಿಂದ ಬಾಗಿಲಿನ ಕಡೆ ತಿರುಗಿದರು. ನಾಳೆ ಬರುತ್ತಾಳೆ ಎಂದೆ. ರೂಮಿನಲ್ಲಿ ಈ ಕಥೆ ಹೇಳಿದಾಗ ಜೊತೆಗಿರುವ ಮಥಾಯಸ್, ಎಂತ ಮಾರಾಯ, ಇಲ್ಲದ ಮಗುವಿಗೆ ಹಾಜರಿ ಹಾಕುವುದುಂಟಾ, ನಿನಗೆ ತಲೆ ಸರಿ ಉಂಟಾ ಎಂದು ಕೇಳಿದ. ನಾನು ಸ್ನಾನಕ್ಕೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಈಗ ಇನ್ನೊಂದು ಹೇಳಬೇಕು. ಇದನ್ನು ಹೇಳದೆ ಮಗಳನ್ನು ಕೇಳಿದರೆ ನನಗೇ ನಾಚಿಕೆ. ನಮ್ಮ ಚಿಕ್ಕವನು ತೀರಿಕೊಂಡಾಗ ಕಂಪೆನಿ ರಜೆ ಕೊಡಲಿಲ್ಲ ಎಂದು ನಾನು ಬರೆದಿದ್ದೆ. ಅದು ನಿಜವಲ್ಲ. ಟೆಲಿಗ್ರಾಂ ಬಂದ ಸಂಜೆಯೇ ಮ್ಯಾನೇಜರ್ ನನ್ನ ಪಾಸ್‌ಪೋರ್ಟನ್ನೂ ಟಿಕೆಟಿನ ಚೀಟಿಯನ್ನೂ ಮೇಜಿನ ಮೇಲಿಟ್ಟು, ಹೋಗಿ ಬಾ ಎಂದಿದ್ದರು. ನಾನೇ ಬೇಡ ಎಂದೆ. ನಲವತ್ತು ದಿನದ ಮಗುವಿನ ಮುಖವನ್ನೇ ನಾನು ನೋಡಿರಲಿಲ್ಲ, ಮೊದಲ ಸಲ ನೋಡುವುದು ಪೆಟ್ಟಿಗೆಯೊಳಗೆ ಆಗಬಾರದು ಅನ್ನಿಸಿತು. ನಿನ್ನ ಮುಖ ನೋಡಲೂ ಹೆದರಿದೆ. ಆ ಪೆಟ್ಟಿಗೆಯ ಹಿಂದೆ ನೀನು ಒಬ್ಬಳೇ ನಡೆದೆ. ಕಂಪೆನಿ ಬಿಡಲಿಲ್ಲ ಎಂಬ ಮಾತನ್ನು ನೀನು ನಂಬಲಿಲ್ಲವೆಂದು, ಮಗಳನ್ನು ಕರೆದುಕೊಂಡು ನೀನು ತವರಿಗೆ ಹೊರಟಾಗಲೇ ನನಗೆ ಗೊತ್ತಾಗಿತ್ತು. ಮರುವರ್ಷ ರಜೆಯಲ್ಲಿ ನಿನ್ನ ತವರಿಗೆ ಬಂದಾಗ ನೀನು ಒಳಗಿನಿಂದ ಹೊರಬರಲಿಲ್ಲ. ಸೆವ್ರಿನ್ ಜಗಲಿಯಲ್ಲಿ ನನಗೆ ನೀರು ಕೊಟ್ಟು ಅಂಕಲ್ ಎಂದು ಕರೆದಳು. ರಜೆ ಇನ್ನೂ ಎರಡು ವಾರ ಇರುವಾಗಲೇ ಇಲ್ಲಿಗೆ ವಾಪಸು ಬಂದೆ.

ಕ್ಷಮಿಸು ಎಂದು ಸುಲಭವಾಗಿ ಬರೆಯಬಹುದು. ಎದುರಿಗೆ ನಿಂತೇ ಕೇಳಬೇಕೆಂದು ಅದನ್ನು ಇಲ್ಲಿ ಬರೆಯುತ್ತಿಲ್ಲ.

ವಿಷಯಕ್ಕೆ ಬರುತ್ತೇನೆ. ನವೆಂಬರ್ ಹತ್ತಕ್ಕೆ ಅವರ ಸರ್ಕಾರದ ಅಧಿಕಾರಿ ಬಂದು ತಲೆ ಎಣಿಸುತ್ತಾರೆ. ಅಷ್ಟರೊಳಗೆ ಸೆವ್ರಿನ್ ಇಲ್ಲಿ ಇಲ್ಲದಿದ್ದರೆ ಮೂರನೇ ಕೋಣೆಯ ಹಣವೂ ಬರುವುದಿಲ್ಲ, ಮದಾಮ್ ಅವರ ಮರ್ಯಾದೆಯೂ ಹೋಗುತ್ತದೆ, ನನ್ನ ಕೆಲಸವೂ ಉಳಿಯುವುದಿಲ್ಲ. ಒಂದೇ ವರ್ಷಕ್ಕೆ ಕಳಿಸು. ಅವಳ ಕನ್ನಡ ಮರೆತುಹೋಗದಂತೆ ನಾನು ದಿನಾ ಓದಿಸುತ್ತೇನೆ. ಜೊತೆಗೆ ಬರುವುದೂ ಬಿಡುವುದೂ ನಿನ್ನಿಷ್ಟ, ನಾನು ಒತ್ತಾಯ ಮಾಡುವುದಿಲ್ಲ. ನಮ್ಮ ಡ್ರೈವರ್ ಅಬ್ದುಲ್ಲ ಕುಂಞಿಯ ಹೆಂಡತಿ ರುಖಿಯಮ್ಮ ಮುಂದಿನ ತಿಂಗಳು ಇಲ್ಲಿಗೆ ಬರುತ್ತಾಳೆ, ಅವಳ ಜೊತೆ ಕಳಿಸಿದರೂ ಸಾಕು. ಅಬ್ದುಲ್ಲ ಕುಂಞಿ ಇವತ್ತೇ ಊರಿಗೆ ಹೊರಟಿದ್ದಾನೆ, ಈ ಪತ್ರ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಉತ್ತರವನ್ನೂ ಅವನಲ್ಲೇ ಕೊಡು.

ನಿನ್ನ ಅಮ್ಮನಿಗೆ ನನ್ನ ನಮಸ್ಕಾರ. ಸೆವ್ರಿನ್‌ಗೆ ಏನು ಹೇಳಬೇಕೆಂದು ತೋಚುವುದಿಲ್ಲ, ಅಂಕಲ್ ಕೇಳಿದರು ಎಂದಾದರೂ ಹೇಳು.

ನಿನ್ನ,
ಇನಾಸ್

ತಾ.ಕ.: ಅಬ್ದುಲ್ಲ ಕುಂಞಿ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಉರ್ಸುಲಾ, ಆ ಗಡುವು ಸುಳ್ಳು. ಅಧಿಕಾರಿ ಕಳೆದ ಸೋಮವಾರವೇ ಬಂದು ಹೋದರು. ಅದಕ್ಕೆ ನಾಲ್ಕು ದಿನ ಮೊದಲು ಟ್ಯುನೀಸಿಯಾದ ಇಂಜಿನಿಯರ್ ಒಬ್ಬರ ಅವಳಿ ಮಕ್ಕಳು ಸೇರಿದ್ದರು, ನಲವತ್ತೊಂದು ತಲೆ ಎಣಿಸಿ ಅಧಿಕಾರಿ ಅಲ್ಲೇ ಶಿಫಾರಸಿಗೆ ಸಹಿ ಹಾಕಿದರು. ಸೆವ್ರಿನ್‌ಳ ಹೆಸರಿಗೆ ಗೆರೆ ಎಳೆದವನೂ ನಾನೇ. ಶಾಲೆಗೆ ಅವಳು ಬೇಕಾಗಿಲ್ಲ, ಯಾರ ಮರ್ಯಾದೆಯೂ ಹೋಗುವುದಿಲ್ಲ. ಅಂದು ಕಂಪೆನಿಯ ಹೆಸರು ಹೇಳಿದೆ, ಇಂದು ಶಾಲೆಯ ಹೆಸರು ಹೇಳಿದೆ. ನನಗೆ ಬೇಕು ಎಂದು ಬರೆಯಲು ಇಷ್ಟು ಹಾಳೆ ಬೇಕಾಯಿತು. ವೀಸಾ ಮಾತ್ರ ನಿಜ, ಮೊನ್ನೆ ಬಂತು, ಇದರ ಜೊತೆಗೇ ಇಟ್ಟಿದ್ದೇನೆ. ಅದರಲ್ಲಿ ಎರಡು ಹೆಸರಿದೆ. ಮೊದಲು ಬರೆಸಿದ್ದು ನಿನ್ನದು.