ಹಿಂದಿಕ್ಕುವ ಜಾಗ

ಕೆ.ಆರ್. ಪೇಟೆ
ಶನಿವಾರ, 22 ನವೆಂಬರ್ 2025

ಅತ್ತೆಯವರಿಗೆ ನಿಮ್ಮ ಸೊಸೆ ಶ್ವೇತಳ ನಮಸ್ಕಾರ.

ಇಲ್ಲಿ ನಾನೂ ನಿಮ್ಮ ಮಗನೂ ಚೆನ್ನಾಗಿದ್ದೇವೆ. ಅಲ್ಲಿ ಕ್ಯಾತನಹಳ್ಳಿಯಲ್ಲಿ ನೀವು ನನ್ನ ಮೇಲೆ ಕೋಪ ಮಾಡಿಕೊಂಡು ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ಫೋನಿರುವಾಗ ಕಾಗದ ಯಾಕೆ ಎನ್ನಬೇಡಿ. ಫೋನಿನಲ್ಲಿ ನಾನು "ಅತ್ತೆ" ಎನ್ನುವಷ್ಟರಲ್ಲಿ ನೀವು ಹೇಳುವುದನ್ನೆಲ್ಲ ಹೇಳಿ "ಮಡುಗ್ತೀನಿ" ಎಂದು ಮಡಗಿಬಿಡುತ್ತೀರಿ. ಕಾಗದದಲ್ಲಾದರೆ ನಡುವೆ ಬಾಯಿ ಹಾಕುವಂತಿಲ್ಲ. ಕನ್ನಡಕ ಏರಿಸಿಕೊಂಡು ಪೇಪರಿನ ಟೆಂಡರ್ ಪ್ರಕಟಣೆಯನ್ನೂ ಬಿಡದೆ ಓದುವವರು ಸೊಸೆಯ ಕಾಗದ ಓದದೆ ಇರಲಾರಿರಿ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಹೋದ ಭಾನುವಾರ ನೀವು ಅಂದ ಮಾತು ಇನ್ನೂ ಕಿವಿಯಲ್ಲಿದೆ. "ಗಂಡನ್ನ ಇಂದಿಕ್ಕಿ ಬೀದಿಲಿ ಓಡ್ತೀಯಂತಲ್ಲ, ಊರೋರೆಲ್ಲ ಆಡ್ಕೊಂಡು ನಗ್ತಾವ್ರೆ. ನಿಲ್ಸು. ನೀನು ನಿಲ್ಸೋಗಂಟ ನಿಮ್ಮನೆ ವಸ್ಲು ತುಳಿಯಾಕಿಲ್ಲ ನಾನು." ಮದುವೆಯಾದಾಗಿನಿಂದ ನೀವು ನನ್ನನ್ನು ಬೈದದ್ದುಂಟು, ಮಾತು ಬಿಟ್ಟದ್ದೂ ಉಂಟು. ಮನೆಗೇ ಬರುವುದಿಲ್ಲ ಎಂದದ್ದು ಇದೇ ಮೊದಲು. ನನಗೆ ಬಹಳ ನೋವಾಯಿತು ಅತ್ತೆ. ಅವತ್ತು ಮಾಡಿದ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಅದೂ ನೆನಪಿಲ್ಲ.

ಆದರೂ ನಿಲ್ಲಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮಿಕ್ಕದ್ದನ್ನು ನೀವು ನಿಧಾನವಾಗಿ ಓದಬಹುದು.

ಓಟ ನಾನು ತವರಿಂದ ತಂದದ್ದಲ್ಲ. ಕಲಿಸಿದವರು ನಿಮ್ಮ ಮಗನೇ. ಶ್ರೀರಂಗಪಟ್ಟಣಕ್ಕೆ ಬಂದ ಹೊಸದರಲ್ಲಿ ಹೊಳೆ ಮೆಟ್ಟಿಲ ಮೇಲೆ ಅವರ ಟವೆಲ್ಲು, ನೀರಿನ ಬಾಟ್ಲಿ ಕಾಯುತ್ತ ಕೂತಿರುತ್ತಿದ್ದೆ. ಕಾದೂ ಕಾದೂ ಬೇಜಾರಾಗಿ ಒಂದು ದಿನ ಚಪ್ಪಲಿಯಲ್ಲೇ ಅವರ ಹಿಂದೆ ಓಡಿದೆ. ಪಿ.ಟಿ. ಮೇಷ್ಟ್ರಲ್ಲವೆ, ಮಾರನೆಯ ದಿನವೇ ಶೂ ತಂದುಕೊಟ್ಟರು. ಉಸಿರು ಹೇಗೆ ಬಿಡಬೇಕು, ಪಾದ ಹೇಗೆ ಊರಬೇಕು, ಎಲ್ಲ ಅವರು ಹೇಳಿಕೊಟ್ಟದ್ದು. ಕೋಟೆಯಿಂದ ಹೊರಟು ಗಂಜಾಂ ದಾಟಿ ಸಂಗಮದವರೆಗೆ ಹಾಸಿದಂಥ ರಸ್ತೆ. ಮಂಕಿ ಕ್ಯಾಪಿನ ಅಜ್ಜಂದಿರು, ಕ್ಯಾಮೆರಾ ಹಿಡಿದ ಪ್ರವಾಸಿಗರು, ಎಲ್ಲರೂ ಓಡಾಡುವ ಕಡೆ ನಮ್ಮನ್ನು ಯಾರು ನೋಡಬೇಕು? ಭುಜಕ್ಕೆ ಭುಜ ಕೊಟ್ಟು ಓಡುತ್ತಿದ್ದೆವು. ಅವರ ಹೆಜ್ಜೆ ಎಷ್ಟೋ ನನ್ನದೂ ಅಷ್ಟೇ.

ಹೋದ ವರ್ಷ ಮೈಸೂರಿನಲ್ಲಿ ಇಪ್ಪತ್ತೊಂದು ಕಿಲೋಮೀಟರಿನ ಓಟಕ್ಕೆ ಹೋದಾಗ ನೀವೂ ಬಂದಿದ್ದಿರಿ. ಓಡುವವರಿಗೆ ಬಾಳೆಹಣ್ಣು ಎಲ್ಲಿ ಸಾಲುತ್ತದೆ ಎಂದು ಮುದ್ದೆ, ಉಪ್ಸಾರು ಕಟ್ಟಿಕೊಂಡು ಬಂದು ಅಷ್ಟು ಜನರ ನಡುವೆ ಬಡಿಸಿದಿರಿ. ಅವತ್ತು ಎರಡು ಗಂಟೆಯೊಳಗೆ ಮುಗಿಸಬೇಕೆಂದು ಆಸೆಪಟ್ಟಿದ್ದೆ, ಸ್ವಲ್ಪದರಲ್ಲಿ ತಪ್ಪಿತು. ಈ ಸಲ ತಪ್ಪಬಾರದು. ಓಟ ಮುಂದಿನ ತಿಂಗಳ ಕೊನೆಗಿದೆ. ನನಗೆ ಬೇಕಾಗಿರುವುದು ಅದೊಂದೇ. ಮೆಡಲ್ಲಿಗಲ್ಲ, ಫೋಟೋಕ್ಕಲ್ಲ. ನನ್ನ ಕಾಲಿಗೆ ಎಷ್ಟು ಆಗುತ್ತದೋ ಅಷ್ಟನ್ನು ಒಂದು ಸಲ ಪೂರ್ತಿ ನೋಡಿಬಿಡಬೇಕು ಎಂದು.

ಆಷಾಢ ಕಳೆದ ಮೇಲೆ ವರ್ಗವಾಗಿ ಈ ಊರಿಗೆ ಬಂದೆವು. ಬಂದ ವಾರವೆಲ್ಲ ಓಡಲು ದಾರಿ ಹುಡುಕಿದ್ದೇ ಆಯಿತು. ದೊಡ್ಡ ರಸ್ತೆಗೆ ಇಳಿಯುವಂತಿಲ್ಲ. ಮಾಕವಳ್ಳಿ ಫ್ಯಾಕ್ಟರಿಗೆ ಕಬ್ಬು ತುಂಬಿಕೊಂಡು ಎರಡೆರಡು ಟ್ರೇಲರಿನ ಟ್ರಾಕ್ಟರುಗಳು ಬೆಳಗಾಗುವ ಮುಂಚೆಯೇ ಸಾಲುಗಟ್ಟುತ್ತವೆ. ಕೆರೆ ಏರಿಯ ಮೇಲೆ ನಾಯಿಗಳದ್ದೇ ದರ್ಬಾರು. ಕೊನೆಗೆ ಸಿಕ್ಕಿದ್ದು ಹಳ್ಳಿ ದಾರಿ. ನಮ್ಮ ಬೀದಿ ದಾಟಿದರೆ ಒಂದು ದಿಬ್ಬ, ದಿಬ್ಬ ಇಳಿದರೆ ಪಕ್ಕದ ಹಳ್ಳಿಯ ಹಾಲಿನ ಡೈರಿ, ಆಮೇಲೆ ಒಂದು ಆಲೆಮನೆ, ಇನ್ನೊಂದು ದಿಬ್ಬ, ಅದರಾಚೆ ನಾಲೆ. ವಾಪಸು ಬರುವುದು ನಾಲೆ ಏರಿಯ ಮೇಲೆ ಸುತ್ತಿಕೊಂಡು.

ಈ ದಿಬ್ಬಗಳೇ ಎಲ್ಲಕ್ಕೂ ಕಾರಣ ಅತ್ತೆ. ನಿಮ್ಮ ಮಗ ನಾಲೆ ಬಯಲಿನಲ್ಲಿ ಬೆಳೆದವರು. ನಿಮ್ಮೂರಲ್ಲಿ ಗುಡ್ಡ ಎಂದರೆ ಒಟ್ಟಿದ ಹುಲ್ಲಿನ ಮೆದೆ. ನಾನು ನಾಗಮಂಗಲದವಳು. ಇಸ್ಕೂಲಿಗೆ ಹೋಗಲು ರಾಗಿ ಹೊಲದ ಏರು ಹತ್ತಬೇಕು, ಬರಲು ಹುರುಳಿ ಹೊಲದ ಏರು ಹತ್ತಬೇಕು. ಮೊದಲ ದಿನ ದಿಬ್ಬ ಹತ್ತಿ ತಿರುಗಿ ನೋಡಿದರೆ ಪಕ್ಕದಲ್ಲಿ ಅವರಿಲ್ಲ. ಕೆಳಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಬರುತ್ತಿದ್ದಾರೆ. ನಾನು ಜೋರು ಮಾಡಿರಲಿಲ್ಲ, ನಿಮ್ಮಾಣೆಗೂ.

ಡೈರಿಯ ಮುಂದೆ ನಡೆದದ್ದನ್ನು ನಿಮಗೆ ಯಾರು ಹೇಗೆ ಹೇಳಿದರೋ ತಿಳಿಯದು. ನಡೆದದ್ದು ಇಷ್ಟು. ನಾನು ಮುಂದೆ ಹೋಗಿದ್ದೆ. ಹಾಲು ಹಾಕಲು ನಿಂತಿದ್ದ ಜನ ಒಂಟಿ ಹೆಂಗಸು ಓಡಿದ್ದನ್ನು ನೋಡಿದರು, ಅವಳ ಹಿಂದೆಯೇ ಬಾಯಿ ಬಿಟ್ಟುಕೊಂಡು ಓಡಿ ಬಂದ ಗಂಡಸನ್ನೂ ನೋಡಿದರು. ಶಿವಲಿಂಗಯ್ಯ ಎಂಬುವರು ಕ್ಯಾನು ಇಳಿಸಿ ಅಡ್ಡ ನಿಂತರಂತೆ. "ನಿಂತ್ಕಳಲೇ! ಯಾರ್ಲಾ ನೀನು, ಎಣ್ಮಗಳ ಇಂದೆ ಬಿದ್ದಿದ್ದೀಯಲ್ಲ?" ಉಸಿರು ಕಟ್ಟಿದ ಇವರ ಬಾಯಿಂದ ಮಾತು ಹೊರಡಲಿಲ್ಲ. ಮಾತು ಹೊರಡದ್ದೇ ಕಳ್ಳ ಎನ್ನುವುದಕ್ಕೆ ಸಾಕ್ಷಿಯಾಯಿತು. ಒಬ್ಬರು ಅಂಗಿ ಹಿಡಿದರು, ಇನ್ನೊಬ್ಬರು ರಟ್ಟೆ ಹಿಡಿದರು. ನಾನು ಆಲೆಮನೆ ಹತ್ತಿರ ತಿರುಗಿ ನೋಡಿ ಗಾಬರಿಯಾಗಿ ಓಡಿ ಬಂದು, "ನಮ್ಮೆಜಮಾನ್ರು ಕಣಣ್ಣ, ಬುಡಿ" ಎಂದೆ. ಸಾಲಿಗೆ ಸಾಲೇ ನಕ್ಕಿತು. ಚಿಕ್ಕಬೋರಮ್ಮ ಎಂಬ ಮುದುಕಿ, "ಕಟ್ಕಂಡೋಳ್ನೇ ಇಡಿಯಾಕಾಗ್ನಿಲ್ವ ಮಗ?" ಎಂದರು. ನನಗೂ ನಗು ತಡೆಯಲಾಗಲಿಲ್ಲ. ಶಿವಲಿಂಗಯ್ಯ ಮುಖ ನೋಡಿ ಗುರುತು ಹಿಡಿದು, "ಅಯ್ಯೋ, ನಮ್ಮುಡ್ಗನ ಮೇಷ್ಟ್ರಲ್ವಾ ಸಾ, ತಪ್ಪಾಯ್ತು" ಎಂದು ಕೈಮುಗಿದರು. ಅಂಗಿ ಹಿಡಿದದ್ದಕ್ಕಿಂತ ಅವರು ಕೈಮುಗಿದದ್ದು ನಿಮ್ಮ ಮಗನಿಗೆ ಹೆಚ್ಚು ನಾಟಿತು.

ಮನೆಗೆ ಬಂದು ಒಂದೇ ಮಾತು ಕೇಳಿದರು. ನೀನು ಎಲ್ಲಿ ಬೇಕಾದರೂ ನನ್ನ ಮುಂದೆ ಹೋಗು, ಆ ಡೈರಿ ಮುಂದೆ ಮಾತ್ರ ಬೇಡ, ಅವರ ಮಕ್ಕಳಿಗೆ ನಾನು ವಿಸಲ್ ಊದಬೇಕು ಎಂದು. ಆಗಲಿ ಎಂದೆ. ಇಬ್ಬರೂ ಕೂತು ಒಂದು ಉಪಾಯ ಮಾಡಿದೆವು. ಅವರು ಮೊದಲು ಹೊರಡುವುದು, ನಾನು ಒಲೆಯ ಮೇಲೆ ಹಾಲಿಟ್ಟು ಅದು ಉಕ್ಕಿದ ಮೇಲೆ ಹೊರಡುವುದು. ಡೈರಿಯವರಿಗೆ ಮೊದಲು ಒಬ್ಬ ಮೇಷ್ಟ್ರು ಕಾಣುತ್ತಾರೆ, ಆಮೇಲೆ ಮೇಷ್ಟ್ರ ಹೆಂಡತಿ ಕಾಣುತ್ತಾಳೆ. ಎಲ್ಲೋ ನಾಲೆ ತೂಬಿನ ಹತ್ತಿರ, ಯಾರ ಕಣ್ಣಿಗೂ ಬೀಳದ ಕಡೆ, ನಾನು ಅವರನ್ನು ಹಿಂದಿಕ್ಕುವುದು. ತೂಬಿನ ಹತ್ತಿರ ಸಿಕ್ಕಾಗ ಬಾಟ್ಲಿ ನೀರು ಕೊಡುತ್ತಿದ್ದರು, ಇಬ್ಬರೂ ನಗುತ್ತಿದ್ದೆವು. ಆ ದಿನಗಳು ಚೆನ್ನಾಗಿದ್ದವು.

ಆದರೆ ದಿಬ್ಬ ಹತ್ತೀ ಹತ್ತೀ ನನ್ನ ಕಾಲು ಪಳಗಿತು. ದಸರೆ ಹೊತ್ತಿಗೆ ತೂಬಿಗಿಂತ ಮುಂಚೆ, ಎರಡನೇ ದಿಬ್ಬದ ಹುಣಸೆಮರದ ಹತ್ತಿರವೇ ಅವರು ಸಿಕ್ಕುತ್ತಿದ್ದರು. ದೀಪಾವಳಿಗೆ ಆಲೆಮನೆ. ಆಲೆಮನೆಯಾಚೆ ಉಳಿದದ್ದು ಡೈರಿಯೇ. ಅವರು ಇನ್ನೂ ಬೇಗ ಹೊರಡಲಿ ಎಂದರೆ, ಕಬ್ಬಿನ ಗದ್ದೆಯಲ್ಲಿ ಚಿರತೆ ಓಡಾಡುತ್ತಿದೆ, ಬೆಳಕು ಹರಿಯದೆ ಆ ಕಡೆ ಯಾರೂ ಹೋಗುವುದಿಲ್ಲ. ನಾನು ತಡವಾಗಿ ಹೊರಟರೆ ವಾಪಸು ಬರುವಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂದು ಹೋಗಿರುತ್ತದೆ. ಹಾಗಾಗಿ ನಾನು ಇನ್ನೊಂದು ಕೆಲಸ ಮಾಡಿದೆ. ಮೊದಲ ದಿಬ್ಬದ ತಲೆಯಲ್ಲಿ ನಿಂತು, ಬಿಚ್ಚದ ಲೇಸನ್ನು ಬಿಚ್ಚಿ ಕಟ್ಟತೊಡಗಿದೆ. ಅವರು ಡೈರಿ ದಾಟಿದ್ದು ಕಂಡ ಮೇಲೆ ಏಳುತ್ತಿದ್ದೆ. ಗಂಡನ ಮಾನ ಲೇಸಿನಲ್ಲಿ ಕಟ್ಟಿಕೊಂಡು ಓಡಿದರೆ ಎರಡು ಗಂಟೆಯೊಳಗೆ ಯಾವ ಓಟ ಮುಗಿಯುತ್ತದೆ ಹೇಳಿ?

ನೀವೇ ಹೇಳಿದ್ದೀರಿ, ಗದ್ದೆಗೆ ಹೋಗುವಾಗ ಮಾವನವರು ಮುಂದೆ, ಬುತ್ತಿ ಹೊತ್ತ ನೀವು ಹಿಂದೆ ಎಂದು. ಆದರೆ ನಾಟಿಗೆ ಇಳಿದರೆ ನಿಮ್ಮ ಕೈಗೆ, ಪುಟ್ಟಗೌರಮ್ಮನ ಕೈಗೆ, ಊರಲ್ಲಿ ಯಾರೂ ಸಮ ಇರಲಿಲ್ಲ ಎಂದೂ ನೀವೇ ಹೇಳಿದ್ದೀರಿ. ಪಕ್ಕದವಳು ಹಿಂದೆ ಬಿದ್ದಳೆಂದು ನೀವು ಯಾವತ್ತಾದರೂ ಕೈ ನಿಧಾನ ಮಾಡಿದ್ದಿರಾ ಅತ್ತೆ? ಸೊಸೆ ಎಂದು ಬೇಡ, ನಾಟಿ ಹಾಕುವವಳು ಎಂದು ತಿಳಿದು ಉತ್ತರ ಹೇಳಿ.

ನನಗೆ ನಿಮ್ಮ ಮಗ ಬೇಕು. ಅವರಿಲ್ಲದ ದಾರಿಯಲ್ಲಿ ಓಡುವ ಆಸೆ ನನಗಿಲ್ಲ. ಅವರ ಕಾಲಿನ ಸದ್ದು ಮುಂದಿರಲಿ, ಹಿಂದಿರಲಿ, ಇದ್ದರೆ ಸಾಕು. ಆದರೆ ನನ್ನ ಕಾಲನ್ನೂ ನಾನು ಬಿಟ್ಟುಕೊಡಲಾರೆ. ನಾಳೆ ಬೆಳಿಗ್ಗೆ ಲೇಸು ಕಟ್ಟುವುದಿಲ್ಲ. ಹಾಗಾದರೆ ನಿಮ್ಮ ಮಗ ನನಗೆ ಸಿಕ್ಕುವುದು ಡೈರಿಯ ಎದುರಿಗೇ. ಇವತ್ತು ಊಟಕ್ಕೆ ಕೂತಾಗ ಅವರಿಗೂ ಹೇಳಿದೆ. ತಟ್ಟೆ ನೋಡುತ್ತಲೇ "ನಿನ್ನಿಷ್ಟ" ಎಂದರು. ಆ ಮಾತಿನ ಅರ್ಥ ನಿಮಗೂ ಗೊತ್ತು, ಮಾವನವರ ಬಾಯಲ್ಲಿ ಕೇಳಿದ್ದೀರಿ.

ಸುದ್ದಿ ನಿಮಗೆ ಹೇಗೂ ಮುಟ್ಟುತ್ತದೆ. ಚಿಕ್ಕಬೋರಮ್ಮನ ತಂಗಿ ಮಗಳನ್ನು ನಿಮ್ಮೂರಿಗೇ ಕೊಟ್ಟಿದೆಯಂತೆ. ಹಿಂದಿನದನ್ನೂ ಅವರೇ ಮುಟ್ಟಿಸಿರಬೇಕು. ನಿಮ್ಮ ಫೋನು ಬಂದಾಗಿನಿಂದ ನಾನು ಆ ಮುದುಕಿಯ ಮುಖ ನೋಡುವುದನ್ನೇ ಬಿಟ್ಟಿದ್ದೇನೆ. ಈ ಸಲ ಮಾತ್ರ ಬೇರೆಯವರ ಬಾಯಿಂದ ಕೇಳುವುದು ಬೇಡ, ನನ್ನ ಕೈಬರಹದಲ್ಲೇ ಓದಿ ಎಂದು ಇಷ್ಟು ಬರೆದೆ.

ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವುದು ಬಿಡಬೇಡಿ. ಕೋಪ ಇದ್ದರೂ ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ ಮಾತು ಮೀರಿದರೂ ನಿಮ್ಮವಳೇ ಆದ,
ಶ್ವೇತ

ಭಾನುವಾರ, ಮಧ್ಯಾಹ್ನ

ಮರೆತದ್ದಲ್ಲ, ಆಮೇಲೆ ನಡೆದದ್ದು. ಕವರು ಅಂಟಿಸಿರಲಿಲ್ಲ, ಅದಕ್ಕೆ ಸೇರಿಸುತ್ತಿದ್ದೇನೆ.

ಹಿಂದಿಕ್ಕಿದೆ. ಡೈರಿಯ ಬಾಗಿಲಿಗೆ ನೇರ. ಯಾರೂ ನೋಡಲಿಲ್ಲ ಅತ್ತೆ. ಹಾಲಿನ ಡಿಗ್ರಿ ಕಡಿಮೆ ಬಂತು, ನೀರು ಬೆರೆತಿದೆ ಎಂದು ಶಿವಲಿಂಗಯ್ಯನಿಗೂ ಡೈರಿ ಸೆಕ್ರೆಟರಿಗೂ ಜಗಳ ಹತ್ತಿ, ಸಾಲಿನವರೆಲ್ಲ ಒಳಗೆ ಇಣುಕುತ್ತಿದ್ದರು. ಚಿಕ್ಕಬೋರಮ್ಮ ಒಬ್ಬರು ತಿರುಗಿ, "ಮುಂದ್ಕೆ ಸಗಣಿ ಬಿದ್ದದೆ, ಜಾರೀಯೆ ಕಣವ್ವ" ಎಂದರು. ಅಷ್ಟೇ. ನಾನು ಮುಂದೆ ಹೋದದ್ದನ್ನು ಕಣ್ಣಿಟ್ಟು ನೋಡಿದವರು ನಿಮ್ಮ ಮಗನೊಬ್ಬರೇ.

ನಾನು ನೀರು ಹಿಡಿದು, ಸ್ನಾನ ಮಾಡಿ, ಉಪ್ಪಿಟ್ಟು ಇಳಿಸಿದ ಮೇಲೆ ಬಂದರು. ಜಗಲಿಯ ಮೇಲೆ ಕೂತು ಶೂ ಬಿಚ್ಚದೆ ಹೇಳಿದರು. "ಊರೋರು ಯಾರೂ ಆಡ್ಕೊಂಡಿಲ್ಲ ಕಣೆ. ನೀನು ನನ್ನ ಹಿಂದಿಕ್ಕೋ ಜಾಗ ಡೈರಿ ಹತ್ರಕ್ಕೇ ಬಂದ್ಬುಡ್ತು ಅಂತ ದಿಗಿಲಾಗಿ ಅವ್ವಂಗೆ ಫೋನ್ ಮಾಡ್ದೋನು ನಾನೇ. ನೀನಾರಾ ಹೇಳವ್ವ, ಅವ್ಳು ನಿನ್ ಮಾತು ಕೇಳ್ತಾಳೆ ಅಂದೆ."

ಇದು ನಿಮಗೆ ಮೊದಲೇ ಗೊತ್ತಿತ್ತು. ಮಗನ ಹೆಸರು ಬಿಟ್ಟುಕೊಡದೆ ಊರವರ ಮೇಲೆ ಹಾಕಿದಿರಿ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆನೇನೋ. ಆದರೂ ನನಗೆ ಸಿಟ್ಟು ಬಂತು, ಅಳುವೂ ಬಂತು. ಉಪ್ಪಿಟ್ಟು ಇನ್ನೂ ಬಾಣಲೆಯಲ್ಲೇ ಇದೆ. ಸಂಜೆ ಚಿಕ್ಕಬೋರಮ್ಮನ ಮನೆಗೆ ಹೋಗಿ ಮಾತಾಡಿಸಿ ಬರಬೇಕು.

ನಾಳೆಯಿಂದ ಹಾಲು ಉಕ್ಕುವವರೆಗೆ ನಾನು ಕಾಯುವುದಿಲ್ಲ ಎಂದು ಅವರಿಗೆ ಹೇಳಿದ್ದೇನೆ. ಇಬ್ಬರೂ ಒಟ್ಟಿಗೇ ಬಾಗಿಲು ದಾಟುವುದು, ದಿಬ್ಬದ ಮೇಲೆ ಯಾರ ಕಾಲು ಮುಂದೋ ಅವರು ಮುಂದೆ. ನಿಮ್ಮ ಮಗ ಬಂದರೂ ಬರದಿದ್ದರೂ ಆರು ಗಂಟೆಗೆ ನಾನು ರಸ್ತೆಯಲ್ಲಿರುತ್ತೇನೆ.

ಸಂಕ್ರಾಂತಿಗೆ ನೀವು ನಮ್ಮನೆಗೆ ಬರಬೇಕು. ಬರುವುದಿಲ್ಲವಾದರೆ ಅದನ್ನು ನನಗೇ ಹೇಳಿ. ಮಗನ ಕೈಲಿ ಹೇಳಿಸಬೇಡಿ.

ಶ್ವೇತ