ಕೊನೆಯ ಅಕ್ಷರದಿಂದ ಬರೆದ ಬೋರ್ಡುಗಳು

ಮಾರ್ಚ್ ೯, ಭಾನುವಾರ

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿಯ ನಮಸ್ಕಾರ. ಅತ್ತಿಗೆಯ ಮಂಡಿನೋವು ಇಳಿದಿರಬಹುದು ಅಂದುಕೊಂಡಿದ್ದೇನೆ. ನಗರಸಭೆಯವರು ನಿನಗೆ ಸನ್ಮಾನ ಮಾಡುವ ಆಹ್ವಾನಪತ್ರಿಕೆ ಬಂದು ತಿಂಗಳಾಯಿತು, ಉತ್ತರ ಇಷ್ಟು ತಡವಾದದ್ದಕ್ಕೆ ಬೈಯಬೇಡ. ‘ಊರಿನ ಬೋರ್ಡುಗಳಿಗೆಲ್ಲ ಅಕ್ಷರ ಕೊಟ್ಟ ಕೈ’ ಎಂದು ನಿನ್ನ ಫೋಟೋದ ಕೆಳಗೆ ಅಚ್ಚು ಹಾಕಿಸಿದ್ದಾರೆ. ಓದಿದಷ್ಟೂ ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ?

ಹೋದ ವಾರ ನಾವಿಬ್ಬರೂ ಅಲ್ಲಿಗೆ ಬಂದಿದ್ದೆವು. ಮನೆಗೆ ಬರಲಿಲ್ಲವೆಂದು ಅತ್ತಿಗೆ ಮುಖ ಊದಿಸಿಕೊಳ್ಳುವುದು ಬೇಡ, ಒಂದು ದಿನದ ಮಟ್ಟಿಗೆ ಬಂದದ್ದು. ಮದುವೆಯಾಗಿ ಹನ್ನೊಂದು ವರ್ಷವಾದರೂ ನಮ್ಮವರಿಗೆ ನಾನು ಬೆಳೆದ ಊರನ್ನು ಸುತ್ತಾಡಿಸಿ ತೋರಿಸಿರಲಿಲ್ಲ. ಟೈಲರ್ ಮನುಷ್ಯ, ಅಂಗಡಿಗೆ ಒಂದು ದಿನ ಬಾಗಿಲು ಹಾಕಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಬಸ್ಸಿಳಿದವರೇ, "ಏನಿದೆ ನಿಮ್ಮೂರಲ್ಲಿ ನೋಡೋಕೆ?" ಅಂದರು.

"ಕತ್ತು ಮೇಲೆ ಮಾಡ್ಕೊಂಡು ನಡೀರಿ" ಅಂದೆ.

ಎಲ್ಲರೂ ತಾವು ಓದಿದ ಶಾಲೆ, ಆಡಿದ ಮೈದಾನ ತೋರಿಸುತ್ತಾರೆ. ನಾನು ಬರೀ ಬೋರ್ಡು ತೋರಿಸಿದೆ. ಔಷಧಿ ಅಂಗಡಿ, ಕನ್ನಡಕದ ಅಂಗಡಿ, ಹೆರಿಗೆ ಆಸ್ಪತ್ರೆ. ಸೈಕಲ್ ಶಾಪಿನ ಮುಂದೆ ಇವರು ಗಕ್ಕನೆ ನಿಂತರು. ಬಟ್ಟೆ ಅಳೆದು ಅಳೆದು ಪಳಗಿದ ಕಣ್ಣು ನೋಡು!

"ಅಲ್ವೇ, ಯಾರೇ ಬರೆದ್ರೂ ಜಾಗ ಸಾಲದೆ ಕೊನೇ ಅಕ್ಷರ ಇಕ್ಕಟ್ಟಾಗತ್ತೆ. ಇಲ್ಯಾಕೆ ಮೊದಲನೇದೇ ಇಕ್ಕಟ್ಟಾಗಿದೆ? ಔಷಧಿ ಅಂಗಡೀದೂ ಹೀಗೇ ಇತ್ತಲ್ಲ?"

ಹನ್ನೊಂದು ವರ್ಷ ಬಾಯಿ ಬಿಡದವಳು ಆ ಬೀದಿಯಲ್ಲೇ ಎಲ್ಲ ಹೇಳಿಬಿಟ್ಟೆ. "ಎಡಗೈಲಿ ಬರೆದ್ರೆ ಅಂಗೈ ಹಸಿ ಬಣ್ಣದ ಮೇಲೆ ಉಜ್ಜತ್ತೆ ರೀ. ಅದಕ್ಕೇ ಕೊನೇ ಅಕ್ಷರದಿಂದ ಹಿಂದಕ್ಕೆ ಬರೀತಿದ್ದೆ."

"ಮತ್ತೆ ನಿಮ್ಮಣ್ಣ?"

"ಅಣ್ಣ ಏಣಿ ಹತ್ತಿ ನೇತು ಹಾಕ್ತಿದ್ದ."

ನೀನು ಚೆನ್ನಾಗಿಯೇ ನೇತು ಹಾಕುತ್ತಿದ್ದೆ ಕಣೋ, ಇಷ್ಟು ವರ್ಷವಾದರೂ ಒಂದೂ ಬಿದ್ದಿಲ್ಲ. ಅಪ್ಪನ ಕಣ್ಣು ಮಂಜಾದಾಗ ನನಗೆ ಹದಿನಾರು. ಬೋರ್ಡು ಬರೆಯುವುದು ಬಿಟ್ಟರೆ ಮನೆಗೆ ಬೇರೆ ಕಸುಬಿರಲಿಲ್ಲ, ನಿನಗೋ ಒಂದು ಗೆರೆ ನೆಟ್ಟಗೆ ಎಳೆಯಲು ಬರುತ್ತಿರಲಿಲ್ಲ. ನನ್ನ ಎಡಗೈ ಬ್ರಷ್ಷಿನ ಹತ್ತಿರ ಕಂಡರೆ ಅಪ್ಪ ಸ್ಕೇಲಿನಿಂದ ಬಾರಿಸುತ್ತಿದ್ದ. ಹಾಗಾಗಿ ನಾನು ಹಿತ್ತಲಿನ ಶೆಡ್ಡಿನಲ್ಲಿ ಕದ್ದು ಬರೆದೆ, ನೀನು ‘ನಾನೇ ಬರೆದೆ’ ಎಂದು ಅಪ್ಪನಿಗೆ ಹೇಳಿದೆ. ಆಗ ನಾನೂ ತಲೆಯಾಡಿಸಿದ್ದೆ, ಒಪ್ಪುತ್ತೇನೆ. ಮೂವತ್ತು ವರ್ಷದ ಮಟ್ಟಿಗೆ ಆಡಿಸಿರಲಿಲ್ಲ.

ಮಧ್ಯಾಹ್ನ ನಗರಸಭೆಗೆ ಹೋದೆವು. ನಿನ್ನ ಕಾರ್ಯಕ್ರಮ ನೋಡಿಕೊಳ್ಳುವ ಗುಮಾಸ್ತರು, "ಅಯ್ಯೋ, ನೀವು ಅವರ ತಂಗೀನಾ!" ಎಂದು ಕುರ್ಚಿ ಎಳೆದು ಕೊಟ್ಟರು. ನಿಜ ಹೇಳಬೇಕೆಂದೇ ಹೋಗಿದ್ದೆ. ಆದರೆ ಹೊಟ್ಟೆಕಿಚ್ಚು ಅಂದುಬಿಟ್ಟರೆ? ಹಾಗಾಗಿ ನಿನ್ನನ್ನು ಹೊಗಳಿದೆ, ಬಾಯ್ತುಂಬ ಹೊಗಳಿದೆ.

"ನಮ್ಮಣ್ಣಂದು ಒಂದು ವಿಶೇಷ ಸಾರ್. ಇಡೀ ಬೋರ್ಡನ್ನ ಕೊನೇ ಅಕ್ಷರದಿಂದ ಹಿಂದಕ್ಕೆ ಬರೀತಾನೆ."

ಅವರು ಹೊರಗೋಡಿ ತಮ್ಮದೇ ಕಚೇರಿಯ ಬೋರ್ಡು ನೋಡಿಬಂದರು. "ಹೌದಲ್ರೀ! ಮೊದಲನೇ ಅಕ್ಷರ ಇಕ್ಕಟ್ಟಾಗಿದೆ! ಹಾಗಾದ್ರೆ ವೇದಿಕೆ ಮೇಲೇ ಒಂದು ಬೋರ್ಡು ಬರೆಸಿಬಿಡೋಣ!"

"ಸಂಕೋಚದ ಮನುಷ್ಯ, ಬೇಡ ಅಂತಾನೆ. ನೀವು ಬಿಡಬೇಡಿ" ಅಂದೆ.

ಆರಡಿಯ ಬಿಳಿ ಹಲಗೆ, ಕಪ್ಪು ಬಣ್ಣ, ಹೊಸ ಬ್ರಷ್ಷು, ಎಲ್ಲ ತಯಾರಾಗಿದೆ. ಬೋರ್ಡು ಬರೆಸಿದ ಅಂಗಡಿಯವರೆಲ್ಲ ಮುಂದಿನ ಸಾಲಿನಲ್ಲಿರುತ್ತಾರೆ, ಅವರ ಪಕ್ಕದಲ್ಲೇ ನಾವೂ. ಕೈ ನೋವು ಗೀವು ಅಂದು ಜಾರಿಕೊಳ್ಳಬೇಡ. ಹಾಗೇನಾದರೂ ಆದರೆ ಅವನ ಬದಲು ತಂಗಿಯನ್ನೇ ಕರೆಯಿರಿ ಎಂದು ಗುಮಾಸ್ತರಿಗೆ ಹೇಳಿಟ್ಟಿದ್ದೇನೆ. ಕರೆದರೆ ನಾನು ಎದ್ದು ಬರುತ್ತೇನೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಇವರು, "ಎಷ್ಟಾದ್ರೂ ಅಣ್ಣ ಅಲ್ವೇನೇ, ಬಿಟ್ಟುಬಿಡು" ಅಂದರು.

"ನೀವು ಹೊಲಿದ ಕೋಟಿಗೆ ಪಕ್ಕದ ಅಂಗಡಿಯೋನು ತನ್ನ ಲೇಬಲ್ ಹೊಲ್ಕೊಂಡ್ರೆ ಬಿಡ್ತೀರಾ?" ಅಂದೆ. ಊರು ಮುಟ್ಟಿ ಅಂಗಡಿಯ ಬೀಗ ತೆಗೆಯುವಾಗ, "ನಮ್ಮಂಗಡಿ ಬೋರ್ಡು ಮಾಸಿದೆ, ನೀನೇ ಬರೀ" ಅಂದರು. ನಾನು ಒಳಗೆ ಹೋಗಿ ಅತ್ತೆ.

ಮಕ್ಕಳಿಗೆ ಅತ್ತೆಯ ಆಶೀರ್ವಾದ ಹೇಳು, ಚೆನ್ನಾಗಿ ಓದಲಿ. ಅತ್ತಿಗೆಗೆ ನಮಸ್ಕಾರ. ಮುಂದಿನ ಭಾನುವಾರ ಸನ್ಮಾನದಲ್ಲಿ ಮುಖತಃ ಸಿಗೋಣ.

ನಿನ್ನ ತಂಗಿ,
ಎಡಚಿ
(ನೀನೇ ಇಟ್ಟ ಹೆಸರು)

ತಾ.ಕ.: ವೇದಿಕೆಯಲ್ಲಿ ಏನು ಬರೆಯಬೇಕೆಂದು ಹೇಳಲು ಮರೆತೆ. ಅಪ್ಪ ತೀರಿಕೊಳ್ಳುವ ಎರಡು ದಿನ ಮುಂಚೆ, ಇನ್ನೂ ನೇತು ಹಾಕದ ಹೆರಿಗೆ ಆಸ್ಪತ್ರೆಯ ಬೋರ್ಡನ್ನು ಮಂಚದ ಹತ್ತಿರ ತರಿಸಿಕೊಂಡ, ನೆನಪಿದೆಯಾ? ಕಣ್ಣು ಪೂರ್ತಿ ಹೋಗಿತ್ತು. ದಪ್ಪ ಬಣ್ಣದ ಮೇಲೆ ಬೆರಳಾಡಿಸಿ ಒಂದೊಂದೇ ಅಕ್ಷರ ಮುಟ್ಟಿ ನೋಡಿದ. ಆಮೇಲೆ ನಿನ್ನ ಕೈ ಹಿಡಿದು ಎದೆಗೊತ್ತಿಕೊಂಡ. ನಾನು ನೀರಿನ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ನೀನು ನನ್ನ ಮುಖ ನೋಡಿದೆ. ‘ನಾನಲ್ಲಪ್ಪ, ಇವಳು’ ಅಂದಿದ್ದರೆ ಸಾಕಿತ್ತು, ಅನ್ನಲಿಲ್ಲ. ಅಪ್ಪ ಆಗ ನಿನಗೆ ಹೇಳಿದ ಮಾತನ್ನೇ ಗುಮಾಸ್ತರಿಗೆ ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ: ‘ನನ್ನ ಕೈ ನಿನಗೆ ಬಂದಿದೆ.’ ಕೊನೆಯಿಂದ ಶುರು ಮಾಡು.